ನೋಡುವವರು ಬಂದಾಗ

ಕಡೂರಿಗೆ ಹೊರಡುವ ದಿನ ಬೆಳಿಗ್ಗೆ ಮಲ್ಲಿಕಾಂಬ ಮೂರು ತಿಂಗಳ ಬಸುರಿ ಮೊಮ್ಮಗಳನ್ನು ಅಡುಗೆಮನೆಗೆ ಕರೆದು, ಬಾಗಿಲು ಮುಂದೆ ಮಾಡಿ, ಎರಡು ಮಾತು ಹೇಳಿದರು. ಮೊಮ್ಮಗಳು ಅಂದರೆ ಸೊಸೆಯೂ ಹೌದು. ಹಿರಿಮಗಳ ಮಗಳಾದ ದೀಪಶ್ರೀಯನ್ನು ತಮ್ಮ ಮಗ ಬಸವೇಶನಿಗೇ ತಂದುಕೊಂಡಿದ್ದರಿಂದ ಆ ಮನೆಯಲ್ಲಿ ಎಲ್ಲರಿಗೂ ಎರಡೆರಡು ನೆಂಟಸ್ತಿಕೆ. ದೀಪಶ್ರೀಗೆ ಅತ್ತೆಯನ್ನು ಅಜ್ಜಿ ಎಂದೇ ಕರೆದು ಅಭ್ಯಾಸ, ಗಂಡನನ್ನು ಮಾವ ಎಂದು.

“ಡಾಕ್ಟ್ರು ಸಂಬಂಧದಲ್ಲಿ ಮದ್ವೆನಾ ಅಂತ ಕೇಳ್ತಾರೆ. ಇಲ್ಲ ಅನ್ನು. ಮನೇಲಿ ಯಾರಾದ್ರೂ ಹಂಗೆ ಹಿಂಗೆ ಇರೋರು ಇದಾರಾ ಅಂತ ಕೇಳ್ತಾರೆ. ಅದ್ಕೂ ಇಲ್ಲ ಅನ್ನು.”

“ಅಜ್ಜಿ, ಅದು ಅವ್ರಿಗೆ ಗೊತ್ತಾಗ್ಬೇಕು. ಅದಕ್ಕೇ ಕೇಳೋದು.”

“ಗೊತ್ತಾದ್ರೆ ಏನ್ ಮಾಡ್ತಾರೆ? ಬರ್ಕಂತಾರೆ. ಅಲ್ಲಿಂದ ಊರ ಬಾಯಿಗೆ ಬರ್ತದೆ. ನಿನ್ ತಂಗಿ ಕೃತಿಕಾಗೆ ಗಂಡು ನೋಡ್ತಾ ಅವ್ರೆ, ನೆನಪಿರ್ಲಿ ಕಣೇ.”

ದೀಪಶ್ರೀ ತಲೆಯಾಡಿಸಿದಳು. ತಂಗಿಯ ಮದುವೆ ಒಂದು ನೆಪ. ಅಜ್ಜಿ ಹೇಳಿಕೊಡುವ ಮೊದಲೇ ಅವಳೂ ಆ ಎರಡು ಸುಳ್ಳುಗಳನ್ನು ಮನಸ್ಸಿನಲ್ಲಿ ತಯಾರು ಮಾಡಿಟ್ಟುಕೊಂಡಿದ್ದಳು. ತರೀಕೆರೆಯ ಒಂದು ಹೈಸ್ಕೂಲಿನಲ್ಲಿ ಅವಳು ವಿಜ್ಞಾನದ ಮೇಡಂ. ಅನುವಂಶೀಯತೆಯ ಪಾಠ ಬಂದಾಗಲೆಲ್ಲ ಹತ್ತಿರದ ರಕ್ತಸಂಬಂಧದಲ್ಲಿ ಮದುವೆ ಒಳ್ಳೆಯದಲ್ಲ ಎಂದು ಮಕ್ಕಳಿಗೆ ಹೇಳಿ, ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿ, ಸಂಜೆ ಅಜ್ಜಂಪುರದ ಬಸ್ಸು ಹತ್ತಿ ಸೋದರಮಾವನ ಮನೆಗೆ ಬರುತ್ತಿದ್ದಳು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಸ್ಟಾಫ್ ರೂಮಿನಲ್ಲಿ ಗಂಡನ ವಿಷಯ ಬಂದರೆ ‘ನಮ್ಮೆಜಮಾನ್ರು’ ಎಂದು ಮಾತು ಮುಗಿಸುತ್ತಿದ್ದಳು. ಸ್ಕ್ಯಾನಿಂಗ್ ಸೆಂಟರ್ ತರೀಕೆರೆಯಲ್ಲೂ ಇತ್ತು. ಆದರೆ ಅಲ್ಲಿ ಚೀಟಿ ಕೊಡುವ ಹುಡುಗಿ ಅವಳದೇ ಹಳೆಯ ವಿದ್ಯಾರ್ಥಿನಿ. ಅದಕ್ಕೇ ಬೀರೂರು ದಾಟಿ ಕಡೂರು.

ಹಂಗೆ ಹಿಂಗೆ ಇರೋರು ಅಂದರೆ ಗುರುಮೂರ್ತಿ. ಮಲ್ಲಿಕಾಂಬನವರ ಕೊನೆಯ ಮಗ, ಬಸವೇಶನ ತಮ್ಮ, ದೀಪಶ್ರೀಯ ಚಿಕ್ಕ ಮಾವ. ಹುಟ್ಟಿದಾಗಲೇ ಶಿವಮೊಗ್ಗದ ಡಾಕ್ಟರು ಡೌನ್ ಸಿಂಡ್ರೋಮ್ ಎಂದಿದ್ದರು. ಮನೆಯವರು ಆ ಹೆಸರನ್ನು ಆಸ್ಪತ್ರೆಯಲ್ಲೇ ಬಿಟ್ಟು ಬಂದು ‘ಗುರು ಸ್ವಲ್ಪ ನಿಧಾನ’ ಎನ್ನುವುದನ್ನು ರೂಢಿ ಮಾಡಿಕೊಂಡರು. ಈಗ ಅವನಿಗೆ ನಲವತ್ತರ ಹತ್ತಿರ. ಕುಳ್ಳಗೆ, ಗುಂಡಗೆ ಇದ್ದಾನೆ. ಮಾತು ಸ್ವಲ್ಪ ತೊದಲು. ಬಸವೇಶನ ಗೊಬ್ಬರದ ಅಂಗಡಿಯಲ್ಲಿ ಖಾಲಿ ಚೀಲ ಮಡಿಸಿ ಜೋಡಿಸುವುದು ಅವನ ಕೆಲಸ. ಕೊರಳಲ್ಲಿ ಲಿಂಗ, ಹಣೆತುಂಬ ಬಳಿದುಕೊಂಡ ವಿಭೂತಿ, ಜೇಬಿನಲ್ಲಿ ಚಕ್ಕುಲಿ. ಅವನನ್ನು ದೇವರಂಥವನು ಎನ್ನುವವರು ಒಮ್ಮೆ ಅವನ ಸ್ಟೂಲಿನ ಮೇಲೆ ಕೂತು ನೋಡಬೇಕು. ಗಿರಾಕಿ ಎನ್ನುವುದನ್ನೂ ನೋಡದೆ ತಳ್ಳಿಬಿಡುತ್ತಾನೆ.

ದೀಪಶ್ರೀಯನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ತಿರುಗಿಸಿದವನು ಅವನೇ. ರಜಕ್ಕೆ ಅಜ್ಜಿ ಮನೆಗೆ ಬಂದರೆ ಅವಳಿಗೆ ಬೇರೆ ಜೊತೆಗಾರರು ಬೇಕಿರಲಿಲ್ಲ. ಅವಳು ಗೌರಿಹಬ್ಬದಲ್ಲಿ ಬಿದ್ದು ಮೊಣಕಾಲು ಒಡೆದುಕೊಂಡಾಗ ಅವಳಿಗಿಂತ ಜೋರಾಗಿ ಅತ್ತವನೂ ಅವನೇ.

ಮದುವೆಯ ಕಥೆಗೂ ಅವನೇ ಮೂಲ. ಮಲ್ಲಿಕಾಂಬನವರ ಗಂಡ ಕರಿಸಿದ್ದಪ್ಪನವರು ಈಗಿಲ್ಲ. ಇದ್ದಷ್ಟು ಕಾಲ ಅಜ್ಜಂಪುರದ ದನದ ಫಾರಂನಲ್ಲಿ ಕೆಲಸ ಮಾಡಿದವರು. ಯಾವ ಹೋರಿಯನ್ನು ಯಾವ ಮಂದೆಗೆ ಬಿಡಬಾರದು ಎನ್ನುವುದು ಅವರಿಗೆ ಬಾಯಿಪಾಠ. “ಒಂದೇ ರಕ್ತ ಕೂಡಿದ್ರೆ ಕರು ಸೊರಗ್ತದೆ ಕಣ್ರೋ,” ಎಂದು ಊರಿನ ರೈತರಿಗೆಲ್ಲ ಬುದ್ಧಿ ಹೇಳುತ್ತಿದ್ದರು. ತಮ್ಮ ಮನೆಯ ವಿಷಯ ಬಂದಾಗ ಆ ಬುದ್ಧಿಯನ್ನು ಫಾರಂನ ಗೇಟಿನಲ್ಲೇ ಬಿಟ್ಟು ಬಂದರು. ಬಿಡದೆ ಗತಿಯೂ ಇರಲಿಲ್ಲ ಅನ್ನಿ. ಬಸವೇಶನಿಗೆ ಹೊರಗಿನವರು ಯಾರೂ ಹೆಣ್ಣು ಕೊಡಲಿಲ್ಲ.

ಮೊದಮೊದಲು ಹೆಣ್ಣಿನ ಕಡೆಯವರು ಮನೆ ನೋಡಲು ಬರುತ್ತಿದ್ದರು. ಅಂಥ ದಿನ ಗುರುವಿಗೆ ನೀಲಿ ಚೌಕುಳಿ ಅಂಗಿ ತೊಡಿಸಿ, ಕೈಚೀಲದಲ್ಲಿ ಚಕ್ಕುಲಿ ತುಂಬಿ, ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂರಿಸಿ, ‘ಕೇಳಿದ್ರೆ ನೀನಿಲ್ಲ ಅಂತೀವಿ’ ಎಂದು ಹೇಳಿ ಬರುವುದು ಮನೆಯ ಪದ್ಧತಿ. ನೆಂಟರು ಹೋದ ಮೇಲೆ ಯಾರಾದರೂ ಹೋಗಿ ಕರೆತರಬೇಕು. ಬಂದವರನ್ನು ಅವನು ಕೇಳುತ್ತಿದ್ದದ್ದು ಒಂದೇ ಮಾತು: “ಒಪ್ಪಿದ್ರಾ?” ಅಣ್ಣನ ಮದುವೆಗೆ ತಾನೂ ದುಡಿಯುತ್ತಿದ್ದೇನೆ ಎನ್ನುವ ಜಂಬ ಆ ಮುಖದಲ್ಲಿರುತ್ತಿತ್ತು.

ಒಮ್ಮೆ ಲಿಂಗದಹಳ್ಳಿಯವರು ಬಂದು, ಎಲ್ಲ ಒಪ್ಪಿಗೆಯಾಗಿ, ಹುಡುಗಿಯ ತಂದೆ ಕಾಫಿ ಲೋಟ ಕೈಗೆ ತೆಗೆದುಕೊಂಡಿದ್ದರು. ಅಷ್ಟರಲ್ಲಿ ಚಕ್ಕುಲಿ ಮುಗಿದು ಹೋಯಿತೆಂದು ಗುರು ತಾನಾಗಿಯೇ ನಡೆದುಕೊಂಡು ಬಂದುಬಿಟ್ಟ. ಬಾಗಿಲಲ್ಲಿ ನಿಂತು, ಎಲ್ಲರ ಮುಖ ನೋಡಿ ನಕ್ಕು, “ಒಪ್ಪಿದ್ರಾ?” ಎಂದ. ಕಾಫಿ ಹಾಗೇ ಉಳಿಯಿತು. ಅವತ್ತು ಕರಿಸಿದ್ದಪ್ಪ ಅವನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ದನಕ್ಕೆ ಬಡಿದ ಹಾಗೆ ಬಡಿದರು. “ನೀನು ಕಂಡಿದ್ದಕ್ಕೇ ಹೋಯ್ತು ಕಣೋ, ನೀನು ಕಂಡಿದ್ದಕ್ಕೇ,” ಎಂದು ಹೇಳುತ್ತ ಬಡಿದರು. ಗುರುವಿಗೆ ಏನನ್ನೂ ಕಲಿಸಲಾಗದು ಎಂದು ಊರಿನವರು ಹೇಳುತ್ತಾರೆ. ಸುಳ್ಳು. ಅದೊಂದು ಪಾಠವನ್ನು ಅವನು ಒಂದೇ ದಿನದಲ್ಲಿ ಕಲಿತ, ಮತ್ತೆಂದೂ ಮರೆಯಲಿಲ್ಲ. ಅಲ್ಲಿಂದ ಮುಂದೆ ಸುದ್ದಿ ಹಬ್ಬಿತು, ಬರುವವರು ನಿಂತರು. ಕೊನೆಗೆ ದೀಪಶ್ರೀಯ ತಾಯಿ ತಮ್ಮನ ಕಷ್ಟ ನೋಡಲಾರದೆ ಮಗಳನ್ನು ಕೊಟ್ಟಳು.

ಆ ಬೆಳಿಗ್ಗೆ ಬಸವೇಶ ಅಂಗಳದಿಂದ ಕೂಗಿದ. “ಲೇಟಾಯ್ತು ಬಾರೇ ದೀಪು. ಮಗು ನೋಡಕ್ಕೆ ಹನ್ನೊಂದಕ್ಕೆಲ್ಲ ಬನ್ನಿ ಅಂದವ್ರೆ.”

ಜಗಲಿಯಲ್ಲಿ ಕೂತಿದ್ದ ಗುರು ತಲೆಯೆತ್ತಿದ. ಮಗುವಿನ ವಿಷಯ ಅವನಿಗೆ ಗೊತ್ತಿತ್ತು. ಸದ್ದಿಲ್ಲದೆ ಒಳಗೆ ಹೋದ. ದೀಪಶ್ರೀ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬರುವಷ್ಟರಲ್ಲಿ ನೀಲಿ ಅಂಗಿ ತೊಟ್ಟು, ಕೈಚೀಲ ಹಿಡಿದು, ಅವನು ಬೀದಿಯ ತಿರುವಿನಲ್ಲಿದ್ದ. ಸ್ಟೇಷನ್ನಿನ ದಾರಿ ಅದು. ಅವಳು ನೋಡಿದಳು, ಬಸವೇಶನೂ ನೋಡಿದ. ಕರೆಯಲು ಒಂದು ಕೂಗು ಸಾಕಿತ್ತು, ಇಬ್ಬರೂ ಕೂಗಲಿಲ್ಲ.

ಕಡೂರಿನ ಸೆಂಟರಿನಲ್ಲಿ ಡಾಕ್ಟರ್ ಪ್ರಿಯಾಂಕಾ ಎನ್ನುವವರು ಇದ್ದರು. ಹೆಚ್ಚು ಕಡಿಮೆ ದೀಪಶ್ರೀಯ ವಯಸ್ಸು. ತಲೆಯೆತ್ತದೆ ಒಂದೊಂದೇ ಕೇಳುತ್ತ ಹೋದರು.

“ಸಂಬಂಧದಲ್ಲಿ ಮದುವೆನಾ?”

“ಇಲ್ಲ ಮೇಡಂ.”

“ಎರಡೂ ಕಡೆ ಮನೇಲಿ ಹುಟ್ಟಿನಿಂದ ತೊಂದರೆ ಇರೋರು ಯಾರಾದ್ರೂ? ಬುದ್ಧಿಮಾಂದ್ಯ, ಡೌನ್ ಸಿಂಡ್ರೋಮ್, ಹೃದಯದ ತೊಂದರೆ?”

“ಯಾರೂ ಇಲ್ಲ.”

ಪಾಠ ಒಪ್ಪಿಸಿದಷ್ಟು ಸಲೀಸಾಗಿ ಬಂತು. ಬಸವೇಶ ಗೋಡೆಯ ಮೇಲಿನ ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಬೋರ್ಡನ್ನು ಮೊದಲ ಸಲ ಓದುವವನ ಹಾಗೆ ಓದುತ್ತ ಕೂತ.

ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಬಿತ್ತು. ಪರದೆಯ ಮೇಲೆ ಮಗು ಕಂಡಿತು. ದೀಪಶ್ರೀ ಪುಸ್ತಕದ ಚಿತ್ರಗಳನ್ನು ನೂರು ಸಲ ನೋಡಿದ್ದಳು. ಇದು ಚಿತ್ರವಲ್ಲ, ಕೈ ಎತ್ತಿ ಮುಖದ ಹತ್ತಿರ ತಂದುಕೊಂಡು, ಥಟ್ಟನೆ ಒಮ್ಮೆ ಕುಪ್ಪಳಿಸಿತು. ಅವಳಿಗೆ ನಗು ಬಂತು. ಡಾಕ್ಟರು ನಗಲಿಲ್ಲ. ಮಗುವಿನ ಕತ್ತಿನ ಹಿಂಭಾಗ ಅಳೆದರು, ಮತ್ತೆ ಅಳೆದರು, ಅವಳನ್ನು ಸ್ವಲ್ಪ ಮಗ್ಗುಲಾಗಿಸಿ ಇನ್ನೊಮ್ಮೆ ಅಳೆದರು. ದೀಪಶ್ರೀ ಗಂಡನ ಕೈ ಹುಡುಕಿ ಹಿಡಿದುಕೊಂಡಳು.

“ಮಾವ, ಏನಂತೆ? ಕೇಳು ಮಾವ, ಯಾಕೆ ಸುಮ್ನಿದ್ದಾರೆ?”

ಡಾಕ್ಟರ ಕೈ ನಿಂತಿತು. “ಮಾವ ಅಂದ್ರಾ?”

ಬಾಯಿಂದ ಬಿದ್ದ ಮಾತನ್ನು ಎತ್ತಿಕೊಳ್ಳಲಾಗುತ್ತದೆಯೇ? ಬಸವೇಶ ಈಗ ಫ್ಯಾನನ್ನು ನೋಡುತ್ತಿದ್ದ.

“ಸೋದರಮಾವ ಮೇಡಂ,” ಎಂದಳು ದೀಪಶ್ರೀ.

“ನೀವು ಟೀಚರ್ ಅಂತ ಹೇಳಿದ್ರಿ ಅಲ್ವಾ?” ಡಾಕ್ಟರು ಕೇಳಿದ್ದು ಅಷ್ಟೇ. ದನಿಯಲ್ಲಿ ಸಿಟ್ಟೂ ಇರಲಿಲ್ಲ. “ಇನ್ನೊಂದು ಸಲ ಕೇಳ್ತೀನಿ, ಯೋಚನೆ ಮಾಡಿ ಹೇಳಿ. ಮನೇಲಿ ಯಾರಾದ್ರೂ ಇದ್ದಾರಾ?”

ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಆದರೆ ಒಂದು ಸುಳ್ಳಿನಲ್ಲಿ ಸಿಕ್ಕಿಬಿದ್ದವಳಿಗೆ ಇನ್ನೊಂದರಲ್ಲೂ ಸಿಕ್ಕಿಬೀಳುವ ಧೈರ್ಯ ಬರಲಿಲ್ಲ. ಉಳಿದ ಚೂರು ಮರ್ಯಾದೆಯನ್ನಾದರೂ ಉಳಿಸಿಕೊಳ್ಳೋಣ ಎನಿಸಿತು.

“ಇಲ್ಲ ಮೇಡಂ. ನಿಜವಾಗ್ಲೂ ಅಂಥೋರು ಯಾರೂ ಇಲ್ಲ.”

ಮೊದಲಿನದನ್ನು ಅಜ್ಜಿ ಹೇಳಿಕೊಟ್ಟಿದ್ದು ಎನ್ನಬಹುದಿತ್ತು. ಇದು ಅವಳದೇ.

ಮಗುವಿನ ಕತ್ತಿನ ಹಿಂದೆ ನೀರಿನಂಶ ಇರಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಕಾಣುತ್ತಿದೆ, ರಕ್ತ ಪರೀಕ್ಷೆಯನ್ನೂ ಸೇರಿಸಿ ನೋಡಬೇಕು, ಇದು ಅನುಮಾನ ಮಾತ್ರ, ತೀರ್ಪಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ರಕ್ತ ಕೊಟ್ಟು ಇಬ್ಬರೂ ಬಸ್ಸು ಹತ್ತಿದರು.

ಅಜ್ಜಂಪುರದಲ್ಲಿ ಇಳಿದವರೇ ಸ್ಟೇಷನ್ನಿಗೆ ಹೋದರು. ಗುರು ಅದೇ ಬೆಂಚಿನಲ್ಲಿ ಕೂತಿದ್ದ. ಬಿಸಿಲು ಬೆಂಚಿನ ಮೇಲೆ ಬಂದಿದ್ದರೂ ಜಾಗ ಬದಲಾಯಿಸಿರಲಿಲ್ಲ. ಇವರನ್ನು ಕಂಡು ಎದ್ದು ಬಂದ, ದೀಪಶ್ರೀಯ ಕಿವಿಯ ಹತ್ತಿರ ಬಾಯಿ ತಂದ.

“ನಾನಿಲ್ಲ ಅಂದ್ಯಾ?”

ದೀಪಶ್ರೀ ಬಸವೇಶನ ಕಡೆ ನೋಡಿದಳು. “ಹೂಂ,” ಎಂದಳು.

“ಜಾಣೆ. ಒಪ್ಪಿದ್ರಾ ಮಗೂನ?”

“ಒಪ್ಪಿದ್ರು, ಒಪ್ಪಿದ್ರು. ನಡಿಯೋ,” ಎಂದು ಬಸವೇಶ ಅವನ ಚೀಲ ಇಸಿದುಕೊಂಡ. ಗುರು ಖುಷಿಯಿಂದ ಮುಂದೆ ನಡೆದ. ಮನೆಯವರೆಗೂ ದೀಪಶ್ರೀ ಅವನ ಬೆನ್ನನ್ನು ನೋಡಲಾರದೆ ನೆಲ ನೋಡಿಕೊಂಡು ನಡೆದಳು. ಅವಳು ಜೀವನದಲ್ಲಿ ಅಷ್ಟು ಸಣ್ಣವಳಾಗಿ ಎಂದೂ ನಡೆದಿರಲಿಲ್ಲ.

ಆ ವಾರ ಕಳೆಯುವ ಮುಂಚೆ ಡಾಕ್ಟರ ಫೋನು ಬಂತು. ದೀಪಶ್ರೀ ಸ್ಟಾಫ್ ರೂಮಿನಿಂದ ಎದ್ದು ಮೈದಾನದ ಕಡೆ ನಡೆದಳು. ರಿಸ್ಕ್ ಹೆಚ್ಚು ಬಂದಿದೆ, ಡೌನ್ ಸಿಂಡ್ರೋಮ್ ಇರಬಹುದು, ಇಲ್ಲದೆಯೂ ಇರಬಹುದು, ಮುಂದಿನ ಪರೀಕ್ಷೆ ಮಾಡಿಸಬೇಕು ಎಂದರು. ಅವಳ ತಲೆಗೆ ಮೊದಲು ಬಂದದ್ದು ಮಗುವಲ್ಲ. ‘ಎಲ್ಲರಿಗೂ ಗೊತ್ತಾಗುತ್ತದಲ್ಲ’ ಎಂಬುದು ಮೊದಲು ಬಂತು. ಅದರ ಹಿಂದೆಯೇ ಬಂದದ್ದು ‘ಗುರುವಿನಂಥದ್ದು’ ಎಂಬ ಮಾತು. ಅಂಥವನು ಎಂದಲ್ಲ, ಅಂಥದ್ದು. ತನ್ನ ಮನಸ್ಸಿನ ಮಾತು ತನಗೇ ಕೇಳಿಸಿ ಅವಳಿಗೆ ಹೇಸಿಗೆಯಾಯಿತು.

ಸಂಜೆ ವಿಷಯ ಕೇಳಿದ ಮಲ್ಲಿಕಾಂಬ ಅಲ್ಲೇ ಗೋಡೆಗೆ ಒರಗಿ ಕೂತರು.

“ಬ್ಯಾಡ ಕಣೇ ತಾಯಿ. ಇನ್ನೊಂದು ಗುರು ಬ್ಯಾಡ. ನಾನು ಹೋದ್ಮೇಲೆ ಇವನನ್ನ ಯಾರು ನೋಡ್ಕಂತಾರೆ ಅಂತ ನಾನು ಸಾಯಕ್ಕೂ ಹೆದರ್ಕಂಡು ಬದುಕಿದೀನಿ. ಆ ಹೆದ್ರಿಕೆ ನಿಂಗೆ ಬ್ಯಾಡ. ತೆಗ್ಸಿಬಿಡು.”

“ಮೆತ್ತಗೆ ಅವ್ವ,” ಎಂದ ಬಸವೇಶ, ಮೂಲೆ ತೋರಿಸಿ. ಗುರು ಅಲ್ಲಿ ಸಂಜೆಯ ಪೂಜೆಗೆ ಕೂತಿದ್ದ. ಅಂಗೈಯಲ್ಲಿ ಲಿಂಗ, ಕಣ್ಣು ಮುಚ್ಚಿತ್ತು. ಪೂಜೆಗೆ ಕೂತವನ ಕಣ್ಣು ಮುಚ್ಚಿರುತ್ತದೆ, ಕಿವಿಯಲ್ಲ. ಅವತ್ತು ಅವನ ಪೂಜೆ ಮುಗಿಯಲು ಬಹಳ ಹೊತ್ತು ಹಿಡಿಯಿತು. ಊಟಕ್ಕೆ ಕರೆದರೆ ಬರಲಿಲ್ಲ.

ದೀಪಶ್ರೀಗೆ ಅಜ್ಜಿಯ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಗುರುವನ್ನು ಹೆತ್ತವಳು ಬಾಯಿಬಿಟ್ಟು ಹೇಳಿದ್ದನ್ನೇ ತಾನು ಮೈದಾನದಲ್ಲಿ ನಿಂತು ಯೋಚಿಸಿದ್ದಳು. ಅವಳಿಗೆ ಮಗು ಬೇಕಿತ್ತು. ಕುಪ್ಪಳಿಸಿದ ಆ ಮಗುವೇ ಬೇಕಿತ್ತು. ಗುರುವಿನ ಹಾಗೆ ಇದ್ದರೂ ಬೇಕೇ ಎಂದು ಕೇಳಿಕೊಂಡರೆ ಮಾತ್ರ ಎದ್ದು ಬೇರೆ ಕೆಲಸ ಹುಡುಕಿಕೊಳ್ಳುತ್ತಿದ್ದಳು. ಕೊನೆಗೆ ತನ್ನ ಕೈಲಾಗುವ ಒಂದೇ ಕೆಲಸ ಮಾಡಿದಳು. ಬೆಳಿಗ್ಗೆ ಡಾಕ್ಟರಿಗೆ ಫೋನು ಮಾಡಿ, “ಮೇಡಂ, ನಾನು ಸುಳ್ಳು ಹೇಳಿದ್ದೆ. ಮನೇಲಿ ಒಬ್ರಿದ್ದಾರೆ. ನಮ್ಮೆಜಮಾನ್ರ ತಮ್ಮ,” ಎಂದಳು.

“ಬಹಳ ಜನ ಹೇಳಲ್ಲ ಬಿಡಿ,” ಎಂದರು ಡಾಕ್ಟರು. “ಡೌನ್ ಸಿಂಡ್ರೋಮ್ ಸಾಮಾನ್ಯವಾಗಿ ಮನೆತನದಲ್ಲಿ ಬರೋದಲ್ಲ. ಅಪರೂಪಕ್ಕೆ ಕೆಲವರಲ್ಲಿ ಹಾಗೂ ಬರುತ್ತೆ. ನಿಮ್ಮ ಮನೇಲಿ ಹೇಗೆ ಅಂತ ಅವರ ರಕ್ತ ನೋಡಿದ್ರೆ ಗೊತ್ತಾಗುತ್ತೆ. ಕರ್ಕೊಂಡು ಬನ್ನಿ. ನೀವಿಬ್ರೂ ಕೊಡಿ. ಮಗುವಿನ ಸುತ್ತ ಇರೋ ನೀರಿನ ಪರೀಕ್ಷೆಗೆ ಶಿವಮೊಗ್ಗಕ್ಕೆ ಬರೆದುಕೊಡ್ತೀನಿ. ಅದರಲ್ಲಿ ಸರಿಯಾಗಿ ಗೊತ್ತಾಗುತ್ತೆ. ಆಮೇಲೆ ತೀರ್ಮಾನ ನಿಮ್ಮದು.”

ಅಂದರೆ ಇಷ್ಟು ವರ್ಷ ಮುಚ್ಚಿಟ್ಟದ್ದು ಮುಚ್ಚಿಡಬೇಕಾದ್ದೇ ಅಲ್ಲದಿರಬಹುದು. ಯಾರೂ ಒಮ್ಮೆಯೂ ಕೇಳಿ ತಿಳಿದುಕೊಂಡಿರಲಿಲ್ಲ.

ಗುರುವನ್ನು ಹೊರಡಿಸುವುದು ಸುಲಭವಾಗಲಿಲ್ಲ. ಕಡೂರು ಎಂದ ಕೂಡಲೇ ಅಂಗಡಿಯ ಚೀಲಗಳ ಹಿಂದೆ ಹೋಗಿ ಕೂತ.

“ನಾ ಬರಲ್ಲ. ನಾನು ಕಂಡ್ರೆ ಮಗು ಹೋಗ್ತದೆ.”

“ಯಾರೋ ಹೇಳಿದ್ದು ಹಂಗಂತ?” ಎಂದಳು ದೀಪಶ್ರೀ.

“ಲಿಂಗದಳ್ಳಿ ಹುಡುಗಿ ಹೋಯ್ತಲ್ಲ!” ಅವನು ಕಣ್ಣು ಕೆಂಪಗೆ ಮಾಡಿಕೊಂಡು ಕಿರುಚಿದ. “ಅಪ್ಪ ಹೊಡೀತು. ನಾ ಬರಲ್ಲ!”

ಬಸವೇಶ ತಿರುಗಿ ನಿಂತು ಕಣ್ಣು ಒರೆಸಿಕೊಂಡ. ದೀಪಶ್ರೀ ಚೀಲಗಳ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಮಗುವಿಗೋಸ್ಕರವೇ ಕರೆಯುತ್ತಿರುವುದು, ನೀನು ಬರದಿದ್ದರೆ ಆಗುವುದೇ ಇಲ್ಲ ಎಂದು ಬೇಡಿಕೊಂಡಳು. ಗುರು ಚೀಲಗಳ ಹಿಂದಿನಿಂದ ಎದ್ದು ಬಂದ. ಆಮೇಲೆ ಗಲ್ಲಾದ ಮೇಲಿದ್ದ ಟವೆಲ್ಲನ್ನು ತೆಗೆದು ಹೆಗಲಿಗೆ ಹಾಕಿಕೊಂಡು, “ನಡಿ,” ಎಂದ.

ಟವೆಲ್ ಯಾಕೆಂದು ಕಡೂರಿನಲ್ಲಿ ತಿಳಿಯಿತು. ಸೆಂಟರಿನ ಮೆಟ್ಟಿಲು ಹತ್ತುವ ಮುಂಚೆ ಅವನು ಅದನ್ನು ತಲೆಯ ಮೇಲಿಂದ ಎದೆಯವರೆಗೆ ಇಳಿಬಿಟ್ಟುಕೊಂಡ. ಕಾಯುತ್ತ ಕೂತಿದ್ದ ಹೆಂಗಸರು ಮಾತು ನಿಲ್ಲಿಸಿ ನೋಡಿದರು. ತೆಗೆಯೋ ಎಂದು ಬಸವೇಶ ಎಳೆಯಲು ಹೋದರೆ ಎರಡೂ ಕೈಯಿಂದ ಬಿಗಿಯಾಗಿ ಹಿಡಿದ. ದೀಪಶ್ರೀ ಅವನ ತೋಳು ಹಿಡಿದು, ಅಷ್ಟೂ ಜನರ ಮಧ್ಯೆ ನಡೆಸಿಕೊಂಡು ಒಳಗೆ ಹೋದಳು. ಪಕ್ಕದಲ್ಲಿ ಕೂತ ಮೇಲೆ ಗುರು ಅವಳ ಕಡೆಯ ಟವೆಲ್ಲಿನ ಅಂಚನ್ನು ಮಾತ್ರ ಸ್ವಲ್ಪ ಎತ್ತಿ, ಅವಳನ್ನು ನೋಡಿ ಕಣ್ಣು ಮಿಟುಕಿಸಿದ. ಚಿಕ್ಕಂದಿನ ಕಣ್ಣುಮುಚ್ಚಾಲೆಯಲ್ಲಿ ಅವನು ಹಾಗೆಯೇ ಅವಳಿಗೆ ಮಾತ್ರ ಕಾಣುತ್ತಿದ್ದ.

ಡಾಕ್ಟರ್ ಪ್ರಿಯಾಂಕಾ ಬಂದು ನಿಂತರು. “ಇವರೇನಾ?”

“ಹೌದು ಮೇಡಂ. ಗುರುಮೂರ್ತಿ. ನನ್ನ ಚಿಕ್ಕ ಮಾವ.” ಈ ಸಲ ದೀಪಶ್ರೀ ಗಟ್ಟಿಯಾಗಿಯೇ ಹೇಳಿದಳು.

“ನಮಸ್ಕಾರ ಗುರುಮೂರ್ತಿ.”

“ನಾನಿಲ್ಲ,” ಎಂದಿತು ಟವೆಲ್ಲಿನೊಳಗಿನ ದನಿ.

ನರ್ಸ್ ಪಕ್ಕನೆ ನಕ್ಕಳು. ದೀಪಶ್ರೀಯ ಮುಖ ನೋಡಿ ನಗು ನಿಲ್ಲಿಸಿದಳು. ಗುರು ಕೈ ಮಾತ್ರ ಹೊರಗೆ ಚಾಚಿದ. ಸೂಜಿ ಚುಚ್ಚಿದಾಗ ಮಿಸುಕಲಿಲ್ಲ. ಹತ್ತಿ ಒತ್ತಿಕೊಂಡು ಸ್ವಲ್ಪ ಹೊತ್ತು ಕೂತವನು, ಡಾಕ್ಟರು ನಿಂತಿದ್ದ ಕಡೆ ತಿರುಗಿ, ಬಹಳ ಮರ್ಯಾದೆಯಿಂದ ಕೇಳಿದ: “ಮಗೂನ ಒಪ್ಪಿದ್ರಾ?”

ಡಾಕ್ಟರಿಗೆ ಅರ್ಥವಾಗಲಿಲ್ಲ. ದೀಪಶ್ರೀಯನ್ನು ನೋಡಿದರು.

“ಒಪ್ಪೋದು ಬಿಡೋದು ನನ್ನ ಕೈಲಿಲ್ಲ ಗುರುಮೂರ್ತಿ,” ಎಂದರು ಡಾಕ್ಟರು ಮೆಲ್ಲಗೆ. “ನಾನು ಪರೀಕ್ಷೆ ಮಾಡೋಳು ಅಷ್ಟೆ. ಅದನ್ನ ಮಗುವಿನ ತಾಯಿ ಹೇಳ್ಬೇಕು.”

ಗುರುವಿಗೆ ಒಂದು ಮಾತನ್ನು ಕೂಡಿಸಿಕೊಳ್ಳಲು ಯಾವಾಗಲೂ ಹೊತ್ತು ಬೇಕು. ಆಮೇಲೆ ಟವೆಲ್ಲಿನ ಎತ್ತಿದ ಅಂಚಿನಿಂದ ದೀಪಶ್ರೀಯನ್ನು ನೋಡಿದ. ಆ ಕಣ್ಣಿನಲ್ಲಿ ತುಂಟತನ ಇರಲಿಲ್ಲ.

“ನೋಡಕ್ಕೆ ಬಂದಿರೋದು ನೀನಾ ದೀಪು?”

ಅವಳು ಬಾಯಿ ತೆರೆದಳು. ಹೂಂ ಎನ್ನಲಾಗಲಿಲ್ಲ, ಊಹೂಂ ಎನ್ನಲೂ ಆಗಲಿಲ್ಲ.

ಗುರು ಸ್ವಲ್ಪ ಹೊತ್ತು ಕಾದ. ಆಮೇಲೆ ಅವಳ ಕಡೆಯ ಅಂಚನ್ನೂ ಕೆಳಗೆ ಎಳೆದುಕೊಂಡು, ಮುಖ ಪೂರ್ತಿ ಮುಚ್ಚಿಕೊಂಡು ಕೂತ.